ಮಾತು ತಪ್ಪಿದವನ ಮಾತು

ಕನ್ನಡ ಪತ್ರಿಕೆಗಳು ‘ಪೆರೋಲ್’ ಎಂದೂ ಮಲಯಾಳ ಪತ್ರಿಕೆಗಳು ‘ಪರೋಳ್’ ಎಂದೂ ಬರೆಯುವ ಶಬ್ದ ಫ್ರೆಂಚಿನಿಂದ ಬಂದುದು. ಅದರ ಅರ್ಥ ‘ಮಾತು’. ಹುಲಿಗೆ ಮಾತು ಕೊಟ್ಟು ಹೋಗಿ ಮರಳಿದ ಪುಣ್ಯಕೋಟಿಯ ಕತೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಪ್ರೊಬೇಶನ್’ ಎಂದರೆ ಪರೀಕ್ಷೆ. ಬೇಂಕಿಗೆ ಸೇರಿದಾಗ ಆರು ತಿಂಗಳು ನಾನೂ ಅದರಲ್ಲಿದ್ದವನೇ.

ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಅಮೆರಿಕದಲ್ಲಿ ಶಿಕ್ಷೆಯ ಒಂದು ಭಾಗ ಕಳೆದು ಷರತ್ತಿನ ಮೇಲೆ ಹೊರಬರುವುದು ಪೆರೋಲ್. ಜೈಲಿಗೆ ಕಳುಹಿಸದೆ ನ್ಯಾಯಾಲಯವೇ ಷರತ್ತಿನ ಮೇಲೆ ಬಿಡುವುದು ಪ್ರೊಬೇಶನ್. ಷರತ್ತು ಮುರಿದನೆಂದು ದೂರು ಬಂದರೆ ಅವನ ಮಾತು ಕೇಳುವವರು ಯಾರು?

ನಮ್ಮ ನೆರೆಮನೆಯ ಹುಡುಗನೊಬ್ಬ ಇದನ್ನೇ ಕೇಳಿದ್ದ. ಹೊಡೆದಾಟದ ಕೇಸಿನಲ್ಲಿ ಬಾಂಡು ಬರೆದುಕೊಟ್ಟು ಪ್ರೊಬೇಶನ್ನಿನಲ್ಲಿದ್ದವನು. ‘ಅಣ್ಣಾ, ಅಮ್ಮ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಈ ಸಲ ಆಫೀಸರನ್ನು ಕಾಣಲು ಹೋಗಲಾಗಲಿಲ್ಲ. ಇನ್ನು ನೇರ ಜೈಲಿಗೇ ಒಯ್ಯುತ್ತಾರಾ?’ ಅವನಿಗಾಗಿ ಓದತೊಡಗಿದೆ.

ಅಮೆರಿಕದಲ್ಲಿ ಈ ಪ್ರಶ್ನೆ ಎದ್ದದ್ದು ಒಂದು ಚೆಕ್ಕಿನ ಕೇಸಿನಿಂದ. ಸುಳ್ಳು ಚೆಕ್ಕಿಗಾಗಿ 1967ರಲ್ಲಿ ಶಿಕ್ಷೆಯಾದ ಅಯೋವಾದ ಮಾರಿಸ್ಸಿ ಎಂಬವನಿಗೆ 1968ರಲ್ಲಿ ಪೆರೋಲ್ ಸಿಕ್ಕಿತು. ಏಳು ತಿಂಗಳಾಗುವಾಗ, ಸುಳ್ಳು ಹೆಸರಿನಲ್ಲಿ ಕಾರು ಕೊಂಡ ಎಂಬಿತ್ಯಾದಿ ವರದಿಯನ್ನಷ್ಟೇ ನೋಡಿ ಪೆರೋಲ್ ಮಂಡಳಿ ಅದನ್ನು ರದ್ದು ಮಾಡಿತು. ಅವನಿಗೆ ವಿಚಾರಣೆಯೇ ಸಿಗಲಿಲ್ಲ. ಇದು ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಪಿತ್ತಿತು. ಆರೋಪವನ್ನು ಬರೆದು ತಿಳಿಸಬೇಕು, ಸಾಕ್ಷಿ ತರಲು ಬಿಡಬೇಕು, ನಿರ್ಧಾರಕ್ಕೆ ಲಿಖಿತ ಕಾರಣ ಕೊಡಬೇಕು. 1973ರಲ್ಲಿ ಪ್ರೊಬೇಶನ್ನಿಗೂ ಇದೇ ರಕ್ಷಣೆ ಬಂತು.

ಆದರೂ ವ್ಯತ್ಯಾಸ ಉಳಿದಿದೆ. ಪೆರೋಲಿನವನನ್ನು ಸಾಮಾನ್ಯವಾಗಿ ವಿಚಾರಿಸುವುದು ಮಂಡಳಿ. ಅದರ ಸದಸ್ಯರು ನ್ಯಾಯಾಧೀಶರೇ ಆಗಬೇಕೆಂದಿಲ್ಲ. ಅಲ್ಲಿ ಹಳೆಯ ಶಿಕ್ಷೆ ಮುಂದುವರಿಯುತ್ತದೆ, ಅಷ್ಟೇ. ಪ್ರೊಬೇಶನ್ನಿನವನು ಸಾಮಾನ್ಯವಾಗಿ ನ್ಯಾಯಾಲಯಕ್ಕೇ ಮರಳುತ್ತಾನೆ. ತಡೆದಿಟ್ಟ ಶಿಕ್ಷೆಯನ್ನು ಆಗಲೇ ವಿಧಿಸುವುದಾದರೆ ವಕೀಲನ ನೆರವು ಅವನ ಹಕ್ಕು.

ನಮ್ಮಲ್ಲಿ ಪೆರೋಲ್ ಎಂದರೆ ಆಡಳಿತದ ಆದೇಶದಿಂದ ಸಿಗುವ ಕೆಲವು ದಿನಗಳ ರಜೆ. ಪ್ರೊಬೇಶನ್ನಿಗೆ ಮಾತ್ರ 1958ರ ಕಾಯಿದೆ ಇದೆ. ಅದರ 9ನೇ ಕಲಮಿನಂತೆ ನ್ಯಾಯಾಲಯ ಸಮನ್ಸನ್ನೋ ವಾರಂಟನ್ನೋ ಕಳುಹಿಸಿ, ಕೇಸು ಕೇಳಿದ ಮೇಲೆಯೇ ತೀರ್ಮಾನಿಸಬೇಕು. ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ ಬಾಂಡನ್ನು ಉಳಿಸಿ 50 ರೂಪಾಯಿ ಮೀರದ ದಂಡ ಹಾಕಿಯೂ ಬಿಡಬಹುದು.

ಪುಣ್ಯಕೋಟಿ ಹೊತ್ತಿಗೆ ಸರಿಯಾಗಿ ಬಂದಳು. ಬರಲಾಗದವರಿಗೂ ಯಾಕೆ ಬರಲಿಲ್ಲವೆಂದು ಹೇಳಲು ಒಂದು ಎಡೆ ಬೇಕು. ಆಸ್ಪತ್ರೆಯ ಚೀಟಿ ಹಿಡಿದುಕೊಂಡು ನಾಳೆಯೇ ಆಫೀಸರನ್ನು ಕಾಣು ಎಂದೆ. ಜಾಮೀನಿಗೆ ಸಹಿ ಹಾಕಿದ್ದ ಸೋದರಮಾವನೂ ಅವನ ಜತೆ ಬಸ್ಸು ಹತ್ತಿದರು.