ಸೊಂಟದ ರಿವಾಲ್ವರಿನ ಆರೈಕೆ

ವರ್ಷಕ್ಕೊಮ್ಮೆ ಆಯುಧಗಳನ್ನು ಒರಸಿ ಹೂವೇರಿಸುವುದು ನಮ್ಮ ನಾಡಿನ ಸಂಪ್ರದಾಯವಷ್ಟೆ. ಕೊಡಗಿನವರು ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ಕೋವಿಗಳನ್ನು ಪೂಜಿಸುವರು. ಮಲೆನಾಡಿನವರಾದ ನಾವು ನವರಾತ್ರಿಯಲ್ಲಿ ಅದನ್ನೇ ಮಾಡುವೆವು. ಆದರೆ ಪದೇ ಪದೇ ಮೈಗೆ ಅಂಟಿಕೊಂಡು ತಿರುಗುವ ಆಯುಧಕ್ಕೆ ವರ್ಷಕ್ಕೊಮ್ಮೆ ನಡೆಯುವ ಆರೈಕೆ ಸಾಲದು.

ನಮ್ಮಲ್ಲಿರುವುದು ಕಾನ್ಪುರದ ಸರಕಾರಿ ಕಾರ್ಖಾನೆಯಲ್ಲಿ ತಯಾರಾದ 0.32 ಅಂಗುಲದ ರಿವಾಲ್ವರು, ಆರು ತೋಟಾಗಳದು. 1959ರ ಆಯುಧ ಕಾಯಿದೆಯಂತೆ ಲೈಸೆನ್ಸು ಪಡೆದು, ತೋಟದ ಆಳುಗಳ ಬಟವಾಡೆಯ ಹಣ ತರುವಾಗ ಅದನ್ನು ಸೊಂಟಕ್ಕೆ ಕಟ್ಟುವೆವು. ಉಪಯೋಗಿಸುವ ಸಂದರ್ಭ ಇದುವರೆಗೆ ಬಂದಿಲ್ಲ, ಎಂದೆಂದಿಗೂ ಬಾರದಿರಲಿ. ಹಾರಿಸದ ಆಯುಧಕ್ಕೆ ಶುಚಿ ಏತಕ್ಕೆಂದು ವಾಚಕರು ಕೇಳಬಹುದು. ಉಕ್ಕಿನ ಶತ್ರು ಮದ್ದಿನ ಮಸಿಯೊಂದೇ ಅಲ್ಲ. ಬೆವರಿನ ಉಪ್ಪು, ಬಟ್ಟೆಯ ನೂಲು, ದಾರಿಯ ಧೂಳು, ಮಳೆಗಾಲದ ತೇವ, ಇವು ಸದ್ದಿಲ್ಲದೆ ಕೆಲಸ ಮಾಡುವುವು. ತೊಗಲಿನ ಒರೆಯಂತೂ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದು. ಆದುದರಿಂದ ರಾತ್ರಿ ಆಯುಧವನ್ನು ಒರೆಯಲ್ಲಿಯೇ ಬಿಟ್ಟು ಮಲಗಲಾಗದು.

ವಾರಕ್ಕೊಮ್ಮೆ ಶುಚಿಮಾಡುವುದು ನಮ್ಮ ಪದ್ಧತಿ. ಮೊದಲ ಕೆಲಸ ಬರಿದುಮಾಡುವುದು. ನಡು ಮಡಿಸಿ ತೆರೆದೊಡನೆ ಆರು ತೋಟಾಗಳೂ ಹೊರಬರುವುವು. ಆರು ಕುಳಿಗಳನ್ನೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ನಿಶ್ಚಯಿಸಿಕೊಳ್ಳತಕ್ಕದ್ದು. ತೋಟಾಗಳನ್ನು ಬೇರೊಂದು ಕೋಣೆಯಲ್ಲಿಟ್ಟು ಬಂದ ಬಳಿಕವೇ ಬಟ್ಟೆಯನ್ನು ಕೈಗೆತ್ತಿಕೊಳ್ಳುವೆವು.

ಅನಂತರ ಕುಂಚದಿಂದ ನಳಿಗೆಯನ್ನೂ ಕುಳಿಗಳನ್ನೂ ಉಜ್ಜಿ, ಒಣಬಟ್ಟೆಯ ತುಂಡುಗಳನ್ನು ಅವು ಬಿಳಿದಾಗಿ ಹೊರಬರುವವರೆಗೆ ತೂರಿಸುವುದು. ತೋಟಾಗಳನ್ನು ಮೇಲೆತ್ತುವ ನಕ್ಷತ್ರಾಕಾರದ ಬಿಲ್ಲೆಯ ಅಡಿಯನ್ನು ಮರೆಯಬಾರದು. ಅಲ್ಲಿ ಕಸ ಸೇರಿದರೆ ಆ ಬಿಲ್ಲೆ ತನ್ನ ಸ್ಥಾನದಲ್ಲಿ ಕೂರದು. ಬೇಕಾದ ಗಳಿಗೆಯಲ್ಲಿ ಉರುಳೆ ತಿರುಗದೆ ಹೋದೀತು.

ಇನ್ನು ಎಣ್ಣೆ. ಇಲ್ಲಿ ಧಾರಾಳತನವೇ ದೋಷ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದು. ಕಡಲೆಕಾಯಿ ಎಣ್ಣೆ ದಿನಕಳೆದಂತೆ ಜಿಗುಟಾಗುವುದು. ಅಡಿಗೆಮನೆಯ ಎಣ್ಣೆಗಳು ಇದಕ್ಕೆ ಒದಗವು. ಕೋವಿಗೆಂದೇ ಮಾರುವ ತೆಳು ಎಣ್ಣೆ ಉತ್ತಮ. ತಿರುಗುವ ಮತ್ತು ಮಡಿಸುವ ಕೀಲುಗಳಿಗೆ ಒಂದೊಂದೇ ತೊಟ್ಟು; ಹೊರಮೈಗೆ ಎಣ್ಣೆ ಸೋಕಿದ ಬಟ್ಟೆಯಿಂದ ಒಂದು ಒರಸು. ನಳಿಗೆಯ ಒಳಗೂ ಕುಳಿಗಳಲ್ಲೂ ಎಣ್ಣೆ ನಿಲ್ಲಬಾರದು, ಒಣಬಟ್ಟೆಯಿಂದ ತೆಗೆದುಬಿಡಬೇಕು. ನಿಂತ ಎಣ್ಣೆ ತೋಟಾದ ಹಿಂಬದಿಯ ಸಿಡಿಮದ್ದಿಗೆ ಇಳಿದರೆ ತೋಟಾ ಹಾರದೆ ಹೋಗಬಹುದು. ಹೆಚ್ಚಿನ ಎಣ್ಣೆಗೆ ಧೂಳು ಅಂಟಿ ಕೆಸರಾಗುವುದು ಬೇರೆ. ತೋಟಾಗಳನ್ನು ಬರಿಯ ಒಣಬಟ್ಟೆಯಿಂದ ಒರಸಬೇಕು. ಹಿತ್ತಾಳೆಯಲ್ಲಿ ಹಸಿರು ಕಿಲುಬು ಕಂಡದ್ದನ್ನು ಬೇರೆ ತೆಗೆದಿಡಬೇಕು. ಕಡೆಯಲ್ಲಿ ಕೈಗಳನ್ನು ಸಾಬೂನಿನಿಂದ ತೊಳೆದ ಹೊರತು ಊಟದ ಮಣೆಗೆ ಹೋಗಬಾರದು. ಮಸಿಯಲ್ಲಿ ಸೀಸವಿರುವುದು, ಅದು ಮಕ್ಕಳಿಗೆ ವಿಷ.

ಆಯುಧವನ್ನು ಸುರಕ್ಷಿತವಾಗಿಡುವ ಹೊಣೆಯನ್ನು 2016ರ ಆಯುಧ ನಿಯಮಗಳು ಲೈಸೆನ್ಸುದಾರನ ಮೇಲೆ ಹೊರಿಸಿವೆ. ಕಾನೂನಿಗಿಂತ ಬಿಗಿಯಾದ ನಿಯಮವೊಂದು ನಮ್ಮ ಮನೆಯಲ್ಲಿದೆ. ತೆಗೆದ ತೋಟಾಗಳನ್ನು ನಾವು ಎಣಿಸುವೆವು. ಬಳಿಕ ನಮ್ಮ ಮನೆಯವರು ತಾವೇ ಎಣಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವರು. ಮೊದಮೊದಲು ಇದು ನಮಗೆ ಅಪನಂಬಿಕೆಯಂತೆ ತೋರಿತು. ಈಗ ಹಾಗಿಲ್ಲ. ದಣಿದ ಕಣ್ಣು ತಾನು ನೋಡಬಯಸಿದ್ದನ್ನೇ ನೋಡುವುದು. ಜೊತೆಗೊಂದು ಕಣ್ಣಿದ್ದರೆ ಆ ಮೋಸ ನಡೆಯದು. ಎಣಿಕೆ ಐದೆಂದು ಬಂದರೆ ಆರನೆಯದು ಸಿಕ್ಕುವವರೆಗೆ ಎಣ್ಣೆಯ ಸೀಸೆಯ ಮುಚ್ಚಳ ತೆಗೆಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಆಯುಧದ ಆರೈಕೆ ಎಂದರೆ ಮುಖ್ಯವಾಗಿ ಇದೇ ಎಂದು ನಾವು ತಿಳಿದಿದ್ದೇವೆ. ಉಕ್ಕಿನ ಹೊಳಪು ಆಮೇಲಿನ ಮಾತು.