ಮುತ್ತಮ್ಮನವರ ಜೊತೆ, ವಿರಾಜಪೇಟೆಯಿಂದ ಮುಂದಕ್ಕೆ

ಕೊಡಗಿನ ಚೆಟ್ಟಳ್ಳಿಯಲ್ಲಿ ಬಸ್ ಹತ್ತಿ. ಜನವರಿ ತಿಂಗಳು. ಕಣದ ತುಂಬ ರೋಬಸ್ಟಾ ಕಾಫಿ ಹರಡಿದ್ದಾರೆ. ಒಣಗುವ ಹಣ್ಣಿನ ಹುಳಿ ವಾಸನೆ ಕಿಟಕಿಯೊಳಗೆ ನುಗ್ಗುತ್ತದೆ. ನೆಲ್ಯಹುದಿಕೇರಿ, ಕಾವೇರಿ ಸೇತುವೆ, ಸಿದ್ದಾಪುರ, ಅಮ್ಮತ್ತಿ ಕಳೆದರೆ ವಿರಾಜಪೇಟೆ. ಚೋನಿರ ಬೆಳ್ಳಿಯಪ್ಪ ಮುತ್ತಮ್ಮ 1924ರಲ್ಲಿ ಹುಟ್ಟಿದ ಊರು. ಒಂಬತ್ತನೇ ವಯಸ್ಸಿಗೆ ಅಪ್ಪನನ್ನು ಕಳೆದುಕೊಂಡ ಹುಡುಗಿ. ನಾಲ್ಕೂ ಮಕ್ಕಳನ್ನು ಪಟ್ಟುಹಿಡಿದು ಓದಿಸಿದವರು ಅಮ್ಮ.

ಈಗ ದೆಹಲಿ, 1949. ವಿದೇಶಾಂಗ ಸೇವೆಗೆ ಸೇರುತ್ತಿರುವ ಮೊದಲ ಹೆಣ್ಣುಮಗಳ ಪಕ್ಕದಲ್ಲಿ ನಿಂತಿದ್ದೀರಿ. ಪರೀಕ್ಷೆ ಪಾಸಾಗಿದೆ. ಈ ಕೆಲಸ ನಿಮಗೆ ಬೇಡ ಎಂದು ಸಂದರ್ಶನ ಮಂಡಳಿ ಹೇಳಿ ನೋಡಿದ್ದೂ ಆಗಿದೆ. ಉಳಿದಿರುವುದು ಒಂದು ಮುಚ್ಚಳಿಕೆ: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ. ಗಂಡಸರಿಗೆ ಈ ಕಾಗದವಿಲ್ಲ. ಮುತ್ತಮ್ಮ ಸಹಿ ಹಾಕುತ್ತಾರೆ.

ಪ್ಯಾರಿಸ್, ರಂಗೂನ್, ಲಂಡನ್. 1970ರಲ್ಲಿ ಹಂಗೇರಿಗೆ ರಾಯಭಾರಿ. ಆಮೇಲೆ ಘಾನಾ. ಬಡ್ತಿ ಮಾತ್ರ ಕೈತಪ್ಪುತ್ತದೆ. ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರುತ್ತಾರೆ. ಸೆಪ್ಟೆಂಬರ್ 1979, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಪೀಠದ ತೀರ್ಪು. ಚರ್ಚೆಗೆ ಬಂದದ್ದು ವಿದೇಶಾಂಗ ಸೇವೆಯ ಅಂದಿನ ಎರಡು ನಿಯಮಗಳು. ನಿಯಮ 8(2): ಮದುವೆಗೆ ಮೊದಲು ಹೆಣ್ಣು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ನಿಯಮ 18(4): ವಿವಾಹಿತೆಗೆ ನೇಮಕಾತಿಯ ಹಕ್ಕಿಲ್ಲ. ಅಷ್ಟರೊಳಗೆ ಸರ್ಕಾರ ಬಡ್ತಿ ಕೊಟ್ಟಿದ್ದರಿಂದ ಅರ್ಜಿ ವಜಾ ಆಗುತ್ತದೆ. ಆದರೆ ನಿಯಮಗಳನ್ನೆಲ್ಲ ಮತ್ತೆ ನೋಡಿ ತಾರತಮ್ಯದ ಕಲೆ ತೊಳೆಯಿರಿ ಎಂದು ಪೀಠ ಸರ್ಕಾರಕ್ಕೆ ಖಡಕ್ಕಾಗಿ ಹೇಳುತ್ತದೆ.

ಮುಂದೆ ಇನ್ನೊಂದು ಮೇಜು. ಸ್ವೀಡನ್ನಿನ ಓಲೋಫ್ ಪಾಲ್ಮೆ ನೇತೃತ್ವದ ನಿಶ್ಶಸ್ತ್ರೀಕರಣ ಆಯೋಗ. ಅಮೆರಿಕದ ಸೈರಸ್ ವಾನ್ಸ್, ಸೋವಿಯತ್ ಒಕ್ಕೂಟದ ಅರ್ಬಾತೊವ್ ಅದರ ಸದಸ್ಯರು, ಭಾರತದಿಂದ ಮುತ್ತಮ್ಮ. ಆಯೋಗ 1981ರಲ್ಲಿ ಹಿರೋಷಿಮಾಕ್ಕೂ ಹೋಗುತ್ತದೆ. ಬಾಂಬು ಬಿದ್ದ ಊರಿನಲ್ಲಿ ನಿಂತವರಿಗೆ ಅಣ್ವಸ್ತ್ರದ ಲೆಕ್ಕ ಬರೀ ಅಂಕಿಯಾಗಿ ಉಳಿಯುವುದಿಲ್ಲ. 1982ರ ವರದಿಯ ಸಾರ ಇಷ್ಟೇ: ಅಣುಯುದ್ಧದಲ್ಲಿ ಗೆಲ್ಲುವವರಿಲ್ಲ, ಎದುರಾಳಿಯನ್ನು ಹೆದರಿಸಿ ಯಾರೂ ನಿಶ್ಚಿಂತರಾಗುವುದಿಲ್ಲ, ಭದ್ರತೆ ಇಬ್ಬರಿಗೂ ಒಟ್ಟಿಗೇ ಸಿಗಬೇಕು.

ದೊಡ್ಡ ಮಾತಾಡಿ ಸುಮ್ಮನಾಗುವ ಜಾಯಮಾನ ಅವರದಲ್ಲ. ದೆಹಲಿಯಲ್ಲಿದ್ದ ಸುಮಾರು 15 ಎಕರೆ ಜಮೀನನ್ನು ಅನಾಥ ಮಕ್ಕಳಿಗೆಂದು ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಗೆ ಕೊಟ್ಟುಬಿಟ್ಟರು. ಅವರು ಸೇರಿದ್ದ ಸೇವೆಯಲ್ಲೇ 2001ರಲ್ಲಿ ಚೋಕಿಲಾ ಅಯ್ಯರ್ ದೇಶದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. 2009ರಲ್ಲಿ ತೀರಿಕೊಂಡ ಮುತ್ತಮ್ಮ ಅದನ್ನು ಕಂಡೇ ಹೋದರು.