ಹೊಂಡದ ದಂಡೆಯ ಮುಸಾಫಿರ್‌ಖಾನೆ

ಉಬ್ರಾಣಿ ಕಡೆಯ ನೆಂಟರ ಮನೆಗೆ ಹೋದಾಗಲೆಲ್ಲ ಅಡಿಕೆ ತೋಟ ಸುತ್ತಿ, ಉಂಡು ಹಿಂತಿರುಗುವುದು ನಮ್ಮ ರೂಢಿ. ಈ ಸಲ ಮಕ್ಕಳ ಹಟಕ್ಕೆ ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ಸಂತೇಬೆನ್ನೂರಿನಲ್ಲಿ ಇಳಿದೆವು.

ಊರಿನ ಬೀದಿಗಳಲ್ಲಿ ನಡೆಯುತ್ತಾ ಹೋದರೆ ಮನೆಗಳ ನಡುವೆ ಥಟ್ಟನೆ ಹೊಂಡ ಎದುರಾಗುತ್ತದೆ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಇದು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ದಂಡೆಯಲ್ಲೇ ಮುಸಾಫಿರ್‌ಖಾನೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಎರಡನ್ನೂ ಈಗ ಪುರಾತತ್ವ ಇಲಾಖೆ ಒಂದೇ ಸ್ಮಾರಕವಾಗಿ ಕಾಯುತ್ತಿದೆ.

ಒಬ್ಬ ಮೇಷ್ಟ್ರು ಶಾಲೆಯ ಹುಡುಗರನ್ನು ಕರೆತಂದಿದ್ದರು. ಖಾನ್ ಊರು ಗೆದ್ದದ್ದು, ಇಲ್ಲಿದ್ದ ರಂಗನಾಥನ ಗುಡಿ ಕೆಡವಿಸಿದ್ದು, ನಾಯಕನ ಕಡೆಯವರು ಆಮೇಲೆ ಸೇಡು ತೀರಿಸಿಕೊಂಡದ್ದು, ಹೀಗೆ ಊರವರು ಹೇಳುವ ಕತೆಯನ್ನು ಹೇಳುತ್ತಿದ್ದರು. ನಮ್ಮ ಹೆಂಗಸರ ಬುರ್ಖಾ ಕಣ್ಣಿಗೆ ಬಿದ್ದದ್ದೇ ತಡ, ಅವರ ದನಿ ತಗ್ಗಿತು. ಒಳ್ಳೆಯ ಮನುಷ್ಯ, ನಮಗೆ ನೋವಾದೀತೆಂದು ಅಳುಕಿರಬೇಕು. "ಹೇಳಿ ಮೇಷ್ಟ್ರೇ, ನಾವೂ ಕೇಳೋಕೇ ಬಂದಿದೀವಿ" ಎಂದೆವು.

ಕೇಳಲೇಬೇಕು. ಗುಡಿ ಬಿದ್ದಿದ್ದರೆ ಬಿದ್ದಿದೆ, ಅದನ್ನು ನಮ್ಮ ಮಕ್ಕಳಿಂದ ಮುಚ್ಚಿಡುವುದು ಸಲ್ಲ. ಆದರೆ ಪೂರ್ತಿ ಕೇಳಬೇಕು. ಇದೇ ರಣದುಲ್ಲಾ ಖಾನನ ಸೈನ್ಯ 1638ರಲ್ಲಿ ಬೆಂಗಳೂರನ್ನು ಗೆದ್ದಾಗ ಅವನ ಜೊತೆಗಿದ್ದವನು ಶಹಾಜಿ, ಶಿವಾಜಿಯ ತಂದೆ. ಬೆಂಗಳೂರು ಜಹಗೀರಾಗಿ ಸಿಕ್ಕಿದ್ದೂ ಆತನಿಗೇ. ಇದನ್ನು ಹೇಳಿದಾಗ ಮೇಷ್ಟ್ರು "ಹೌದಲ್ಲಾ!" ಎಂದು ಹುಡುಗರ ಕಡೆ ತಿರುಗಿದರು. ಅವರ ದನಿ ಮತ್ತೆ ಮೊದಲಿನಂತಾಯಿತು. ಹುಡುಗರ ಪ್ರಶ್ನೆ ಮಾತ್ರ ಒಂದೇ: ಹೊಂಡದಲ್ಲಿ ಈಜಲು ಬಿಡುತ್ತಾರೋ ಇಲ್ಲವೋ!

ಮುಸಾಫಿರ್‌ಖಾನೆಯ ಕಮಾನುಗಳ ಕೆಳಗೆ ಬಿಸಿಲಲ್ಲೂ ತಂಪು. ಅಲ್ಲಿಂದ ವಸಂತ ಮಂಟಪವನ್ನು ನೋಡಿದರೆ ಅದರಲ್ಲೂ ಕಮಾನೇ. ನಾಯಕನ ಶಿಲ್ಪಿಗಳು ಸುಲ್ತಾನರ ಶೈಲಿಯನ್ನು ಯಾರ ಅಪ್ಪಣೆಗೂ ಕಾಯದೆ ತಮ್ಮದಾಗಿಸಿಕೊಂಡಿದ್ದರು ಎನಿಸುತ್ತದೆ.

ಹೊರಗೆ ಬರುವಷ್ಟರಲ್ಲಿ ಹಸಿವು. ಗಾಡಿಯೊಂದರಲ್ಲಿ ಅಜ್ಜಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ದಾವಣಗೆರೆ ಸೀಮೆಯಲ್ಲಿ ಸಂಜೆಯೆಂದರೆ ಮಂಡಕ್ಕಿ ಮೆಣಸಿನಕಾಯಿ ತಾನೆ? ಪುಟಾಣಿ ಹಿಟ್ಟು ಬೆರೆಸಿದ ಹಳದಿ ನರ್ಗಿಸ್ ಮಂಡಕ್ಕಿಯೂ ಇತ್ತು. ಹೆಸರು ಕೇಳಿ ಮಕ್ಕಳಿಗೆ ನಗುವೋ ನಗು. ಕಾಗದದ ಪೊಟ್ಟಣ ಹಿಡಿದು ಗಾಡಿಯ ಪಕ್ಕದಲ್ಲೇ ನಿಂತೆವು. ಬಜ್ಜಿ ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಕೈ ನಿಲ್ಲಲಿಲ್ಲ.

"ಮಂಡಕ್ಕಿ ಎಲ್ಲಿಂದ ಬರುತ್ತೆ ಅಜ್ಜಿ?"

"ದಾವಣಗೆರೆ ಭಟ್ಟಿಯಿಂದಪ್ಪಾ. ಇನ್ನೆಲ್ಲಿಂದ?"

ಆ ಭಟ್ಟಿಗಳನ್ನು ನಾವು ಕಂಡಿದ್ದೇವೆ. ಕಾದ ಮರಳು, ಹೊಗೆ, ಉಸಿರುಗಟ್ಟಿಸುವ ಝಳ. ಅಲ್ಲಿ ದುಡಿಯುವವರಲ್ಲಿ ಬಡ ಮುಸ್ಲಿಂ ಕುಟುಂಬಗಳೇ ಹೆಚ್ಚು. ಮದುವೆಮನೆಯಲ್ಲಿ, ಜಾತ್ರೆಯಲ್ಲಿ, ಉರುಸಿನಲ್ಲಿ ಎಲ್ಲರೂ ತಿನ್ನುವ ಮಂಡಕ್ಕಿ ಅವರ ಕೈಯಲ್ಲೇ ಅರಳುತ್ತದೆ. ಆ ಹೊಗೆಯ ಬಗ್ಗೆ ಯಾವ ಮೇಷ್ಟ್ರೂ ಮಕ್ಕಳಿಗೆ ಕತೆ ಹೇಳಿದ್ದನ್ನು ನಾವು ಕೇಳಿಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಿದೆವು. "ನಮ್ಮ ಒಲೆದೂ ಅದೇ ಹಣೆಬರಾನಪ್ಪಾ" ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಲೆಕ್ಕಕ್ಕಿಲ್ಲದ ಎರಡು ಬಜ್ಜಿ ಮಕ್ಕಳ ಪೊಟ್ಟಣಕ್ಕೆ ಬಿದ್ದವು.